ಎಲ್‌ಎಲ್‌ಬಿ ಆದ ಮೇಲೆ ಯಾವ ದಾರಿ? ಮೊದಲು ಸನ್ನದು, ಆಮೇಲೆ ಉಳಿದ ಲೆಕ್ಕ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ವಯಸ್ಸು 25. ಬಿ.ಎ. ಆದ ಮೇಲೆ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಈಗಷ್ಟೇ ಮುಗಿಸಿದ್ದೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮ, ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತಾಡಲು ಹಿಂಜರಿಕೆ. ಮನೆಯಲ್ಲಿ ವಕೀಲರು ಯಾರೂ ಇಲ್ಲ. ಅಪ್ಪ ಜಡ್ಜ್ ಪರೀಕ್ಷೆ ಬರೆ ಅನ್ನುತ್ತಾರೆ, ಅಣ್ಣ ಬೆಂಗಳೂರಿಗೆ ಹೋಗಿ ಕಂಪನಿ ಸೇರು ಅನ್ನುತ್ತಾನೆ, ಗೆಳತಿಯರು ಬ್ಯಾಂಕಿನ ಲಾ ಆಫೀಸರ್ ಪರೀಕ್ಷೆಗೆ ಓದುತ್ತಿದ್ದಾರೆ. ಕಾಲೇಜಿನ ಮೇಷ್ಟ್ರು ಎಲ್‌ಎಲ್‌ಎಂ ಮಾಡು ಅಂದರು. ಯಾವುದನ್ನು ಮೊದಲು ಹಿಡಿಯಬೇಕು?

ಉತ್ತರ: ಮನೆಯವರು, ಗೆಳತಿಯರು, ಮೇಷ್ಟ್ರು ಸೇರಿ ನಿಮ್ಮ ಮುಂದೆ ನಾಲ್ಕು ದಾರಿ ಇಟ್ಟಿದ್ದಾರೆ. ಈ ನಾಲ್ಕರಲ್ಲಿ ಯಾವುದು ಒಳ್ಳೆಯದು ಎಂದು ತೂಗುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಕಾನೂನು ಪದವೀಧರರಿಗೆ ಇರುವ ಒಳ್ಳೆಯ ಹುದ್ದೆಗಳಲ್ಲಿ ಬಹುಪಾಲು ಕೇಳುವುದು ಪದವಿಯ ಅಂಕವನ್ನಲ್ಲ, ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಪಡೆದ ಮೇಲಿನ ವಕೀಲಿಕೆಯ ವರ್ಷಗಳನ್ನು. ಕೆಲವು ನೌಕರಿಗಳಿಗೆ ಸೇರಿದರೆ ಆ ವರ್ಷಗಳ ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಎರಡು ಮೂರು ವರ್ಷ ಕಂಪನಿಯಲ್ಲಿ ಕಳೆದು, ಆಮೇಲೆ ಜಡ್ಜ್ ಪರೀಕ್ಷೆಯ ಅಧಿಸೂಚನೆ ಓದಿ ಕಂಗಾಲಾಗುವವರಿದ್ದಾರೆ. ಹಾಗಾಗಿ ಯಾವ ದಾರಿ ಹಿಡಿದರೂ ಮೊದಲ ಹೆಜ್ಜೆ ಒಂದೇ: ತಡಮಾಡದೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ಸನ್ನದು ಪಡೆಯಿರಿ.

ಪರಿಷತ್ತಿನ ಕಚೇರಿ ಇರುವುದು ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯ ಹಳೆಯ ಕೆಜಿಐಡಿ ಕಟ್ಟಡದಲ್ಲಿ. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್‌ಎಲ್‌ಬಿಯ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಪದವಿ ಪ್ರಮಾಣಪತ್ರ ಅಥವಾ ತಾತ್ಕಾಲಿಕ ಪ್ರಮಾಣಪತ್ರ, ವಕೀಲರಿಂದ ನಡತೆಯ ಪತ್ರ, ಅಫಿಡವಿಟ್ ಬೇಕಾಗುತ್ತವೆ. ಇಲ್ಲಿ ಹೆಚ್ಚಾಗಿ ತೊಂದರೆ ಕೊಡುವುದು ಹೆಸರು. ಎಸ್‌ಎಸ್‌ಎಲ್‌ಸಿಯಲ್ಲಿ ಅಪ್ಪನ ಹೆಸರು ಮುಂದೆ, ಪದವಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಊರಿನ ಹೆಸರೂ ಸೇರಿಕೊಂಡಿದ್ದರೆ ಅರ್ಜಿ ವಾಪಸ್ ಬರುತ್ತದೆ. ಅರ್ಜಿ ಹಾಕುವ ಮೊದಲೇ ಎಲ್ಲ ದಾಖಲೆ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸವಿದ್ದರೆ ವಿಶ್ವವಿದ್ಯಾಲಯದಲ್ಲೇ ಸರಿಪಡಿಸಿಕೊಳ್ಳಿ.

ಶುಲ್ಕದ ಬಗ್ಗೆ ಯಾರೋ ಹೇಳಿದ ದೊಡ್ಡ ಮೊತ್ತ ಕೇಳಿ ಹೆದರಬೇಡಿ. 1961ರ ವಕೀಲರ ಅಧಿನಿಯಮದ 24ನೇ ಕಲಮಿನಂತೆ ನೋಂದಣಿ ಶುಲ್ಕ ಒಟ್ಟು 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಮುದ್ರಾಂಕ ಶುಲ್ಕ ಬೇರೆ. ಇದಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿದೆ. ‘ಐಚ್ಛಿಕ’ ಎಂಬ ಹೆಸರಿನಲ್ಲೂ ಪಡೆಯಬಾರದು ಎಂದು ಮರುವರ್ಷ ಸ್ಪಷ್ಟಪಡಿಸಿದೆ.

ನೋಂದಣಿಯ ನಂತರ ಅಖಿಲ ಭಾರತ ವಕೀಲರ ಪರೀಕ್ಷೆ, ಎಲ್ಲರೂ ಕರೆಯುವಂತೆ ಎಐಬಿಇ. 100 ಬಹು ಆಯ್ಕೆ ಪ್ರಶ್ನೆ, ಮೂರೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಾಸಾಗಲು ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ 45, ಪರಿಶಿಷ್ಟರಿಗೆ 40 ಅಂಕ ಬೇಕು. ಟಿಪ್ಪಣಿ ಇಲ್ಲದ ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯವಷ್ಟೇ ಇರುವ ಪುಸ್ತಕ, ಒಳಗೆ ಒಯ್ಯಬಹುದು, ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ. ವಿಷಯ 19 ಇದ್ದರೂ ಸಂವಿಧಾನ, ಸಿವಿಲ್ ಪ್ರಕ್ರಿಯಾ ಸಂಹಿತೆ, ಕ್ರಿಮಿನಲ್ ಪ್ರಕ್ರಿಯೆ, ದಂಡ ಸಂಹಿತೆ, ಸಾಕ್ಷ್ಯ ಈ ಐದಕ್ಕೇ ಸುಮಾರು 46 ಅಂಕ ಬರುತ್ತವೆ. ಕೌಟುಂಬಿಕ ಕಾನೂನಿಗೆ 8, ಕರಾರು ಮತ್ತು ಆಸ್ತಿ ವರ್ಗಾವಣೆ ಗುಂಪಿಗೆ 8. ಈ ಏಳನ್ನು ಗಟ್ಟಿ ಮಾಡಿಕೊಂಡವರು ಫೇಲಾಗುವುದು ಅಪರೂಪ. ಪುಸ್ತಕ ಒಯ್ಯಬಹುದಲ್ಲ ಎಂದು ಓದದೆ ಹೋದವರೇ ಹೆಚ್ಚಾಗಿ ಸೋಲುತ್ತಾರೆ, ಏಕೆಂದರೆ ಯಾವ ಕಲಮು ಯಾವ ಅಧ್ಯಾಯದಲ್ಲಿದೆ ಎಂದು ತಿಳಿಯದವರಿಗೆ ಒಂದು ಪ್ರಶ್ನೆಗೆ ಸಿಗುವ ಎರಡು ನಿಮಿಷ ಹುಡುಕಾಟದಲ್ಲೇ ಮುಗಿದುಹೋಗುತ್ತದೆ. ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿವೆ, ಹಳೆಯ ಪುಸ್ತಕ ಒಯ್ಯಬೇಡಿ. ತಾತ್ಕಾಲಿಕ ನೋಂದಣಿಯ ಅವಧಿ ಎರಡು ವರ್ಷ. ಅಷ್ಟರೊಳಗೆ ಪರೀಕ್ಷೆ ಮುಗಿಸಿಕೊಳ್ಳಬೇಕು.

ಈಗ ಅಪ್ಪನ ಆಸೆಗೆ ಬರೋಣ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ, ಹಳಬರು ಇನ್ನೂ ಮುನ್ಸಿಫ್ ಅನ್ನುವ ಹುದ್ದೆಗೆ, ಓದು ಮುಗಿಸಿದ ವರ್ಷವೇ ಪರೀಕ್ಷೆ ಬರೆಯುವ ಕಾಲ ಹೋಯಿತು. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಕನಿಷ್ಠ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು. ನಿಮಗೆ ಅನುಕೂಲದ ಅಂಶವೊಂದು ಆ ತೀರ್ಪಿನಲ್ಲಿದೆ: ಮೂರು ವರ್ಷವನ್ನು ಎಐಬಿಇ ಪಾಸಾದ ದಿನದಿಂದಲ್ಲ, ತಾತ್ಕಾಲಿಕ ನೋಂದಣಿಯ ದಿನದಿಂದಲೇ ಎಣಿಸಬೇಕು. ಈ ತಿಂಗಳು ನೋಂದಾಯಿಸಿಕೊಂಡರೆ 28ನೇ ವಯಸ್ಸಿಗೆ ಅರ್ಹರಾಗುತ್ತೀರಿ. ಸಾಮಾನ್ಯ ವರ್ಗದ ವಯೋಮಿತಿ 35. ಅವಸರವಿಲ್ಲ, ಆದರೆ ಒಂದೊಂದು ವರ್ಷದ ಆಲಸ್ಯವೂ ಒಂದೊಂದು ಅವಕಾಶವನ್ನು ತಿನ್ನುತ್ತದೆ, ಏಕೆಂದರೆ ಅಧಿಸೂಚನೆ ಪ್ರತಿ ವರ್ಷ ತಪ್ಪದೆ ಬರುತ್ತದೆ ಎಂದು ಹೇಳಲಾಗದು.

ಮೂರು ವರ್ಷಕ್ಕೆ ಪುರಾವೆಯೂ ಬೇಕು. ಆ ಸ್ಥಳದ ಪ್ರಧಾನ ನ್ಯಾಯಿಕ ಅಧಿಕಾರಿ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಕನಿಷ್ಠ 10 ವರ್ಷ ಅನುಭವದ ವಕೀಲರು ಕೊಟ್ಟ ಪತ್ರಕ್ಕೆ ಅವರ ದೃಢೀಕರಣ ಇರಬೇಕು. ನೀವು ದಿನಾ ಕೋರ್ಟಿಗೆ ಹೋಗಿದ್ದೀರಿ ಎಂಬುದನ್ನು ಅವರು ಯಾವುದನ್ನು ನೋಡಿ ನಂಬಬೇಕು? ಇದಕ್ಕೆ ಮೊದಲ ದಿನದಿಂದಲೇ ಸಿದ್ಧತೆ ಬೇಕು. ಸೀನಿಯರ್ ಹಾಕುವ ವಕಾಲತ್ತಿನಲ್ಲಿ ನಿಮ್ಮ ಹೆಸರು, ಸನ್ನದಿನ ಸಂಖ್ಯೆ, ಸಹಿ ಇರಲಿ. ನೀವು ಹಾಜರಾದ ದಿನ ಆರ್ಡರ್ ಶೀಟಿನಲ್ಲಿ ನಿಮ್ಮ ಹೆಸರು ಬರೆಸಿಕೊಳ್ಳಲು ಬೆಂಚ್ ಕ್ಲರ್ಕ್‌ಗೆ ಮರ್ಯಾದೆಯಿಂದ ನೆನಪಿಸಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಕೇಸಿನ ಸಂಖ್ಯೆ, ಕೋರ್ಟುಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಆ ಕೇಸಿಗೆ ಇರುವ ಗುರುತಿನ ಸಿಎನ್‌ಆರ್ ಸಂಖ್ಯೆ, ಅಂದು ಮಾಡಿದ ಕೆಲಸ ಬರೆದಿಡಿ. ವರ್ಷಕ್ಕೆ ಐದಾರು ಮುಖ್ಯ ಆದೇಶಗಳ ದೃಢೀಕೃತ ನಕಲು ತೆಗೆಸಿಟ್ಟುಕೊಂಡರೆ ಸಾಕು. ಸೀನಿಯರ್ ಹೆಸರಷ್ಟೇ ಇರುವ ಫೈಲುಗಳಲ್ಲಿ ಮೂರು ವರ್ಷ ದುಡಿದವರು ಕೊನೆಗೆ ಪ್ರಮಾಣಪತ್ರಕ್ಕಾಗಿ ಅಲೆಯಬೇಕಾಗುತ್ತದೆ.

ಪರೀಕ್ಷೆಯ ಸ್ವರೂಪ ಹೀಗಿದೆ. ಪೂರ್ವಭಾವಿ 100 ಅಂಕದ ಬಹು ಆಯ್ಕೆ, ಸಾಮಾನ್ಯ ವರ್ಗದವರು ಮುಂದೆ ಹೋಗಲು ಶೇ 60 ತೆಗೆಯಬೇಕು. ಮುಖ್ಯ ಪರೀಕ್ಷೆಯಲ್ಲಿ 100 ಅಂಕದ ನಾಲ್ಕು ಪತ್ರಿಕೆ: ಅನುವಾದ, ಸಿವಿಲ್, ಕ್ರಿಮಿನಲ್, ಮತ್ತು ವಿವಾದಾಂಶ ಹಾಗೂ ದೋಷಾರೋಪ ರಚಿಸಿ ತೀರ್ಪು ಬರೆಯುವ ಪತ್ರಿಕೆ. ಆಮೇಲೆ 100 ಅಂಕದ ಸಂದರ್ಶನ. ಅನುವಾದ ಪತ್ರಿಕೆಯಲ್ಲಿ ಸಾಕ್ಷಿ ಹೇಳಿಕೆ, ತೀರ್ಪು, ದಸ್ತಾವೇಜುಗಳ ಭಾಗಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಬೇಕು. ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವರು ಬೆವರುವ ಪತ್ರಿಕೆ ಇದು. ಖರೀದಿ ಪತ್ರದಲ್ಲಿ ಬರುವ ಚಕ್ಕುಬಂದಿ, ಹಿಸ್ಸಾ, ಖರಾಬು, ಸ್ವಾಧೀನ ಎಂಬ ಮಾತುಗಳು ನಿಮಗೆ ಮನೆಮಾತು. ಅದನ್ನು ಅಂಕವಾಗಿ ಪರಿವರ್ತಿಸಿಕೊಳ್ಳಿ: ಸೀನಿಯರ್ ಕಚೇರಿಯ ಹಳೆಯ ಫೈಲಿನಿಂದ ದಿನಕ್ಕೊಂದು ಪುಟ ಸಾಕ್ಷಿ ಹೇಳಿಕೆಯನ್ನು ಇಂಗ್ಲಿಷಿಗೆ ಮಾಡಿ, ಎರಡು ದಿನ ಬಿಟ್ಟು ಅದನ್ನೇ ಮತ್ತೆ ಕನ್ನಡಕ್ಕೆ ತನ್ನಿ, ಮೂಲದ ಜೊತೆ ಹೋಲಿಸಿ. ಮಾತಾಡುವ ಹಿಂಜರಿಕೆಗೂ ಇದೇ ಮದ್ದು, ಏಕೆಂದರೆ ಕೋರ್ಟಿನ ಇಂಗ್ಲಿಷ್‌ನಲ್ಲಿ ಒಂದು ನೂರು ಇನ್ನೂರು ವಾಕ್ಯಗಳೇ ತಿರುಗಿ ತಿರುಗಿ ಬರುತ್ತವೆ. ತಾಲ್ಲೂಕು ಕೋರ್ಟಿನಲ್ಲಿ ವಾದವೂ ಕನ್ನಡದಲ್ಲೇ ನಡೆಯುತ್ತದೆ. ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದಾಗ ಇಂಗ್ಲಿಷ್ ಬೇಕು, ಅಷ್ಟರೊಳಗೆ ಬಂದಿರುತ್ತದೆ.

ವೇತನದ ಮಾತು ಅಪ್ಪನಿಗೆ ಹೇಳಲು: ಎರಡನೇ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಶಿಫಾರಸಿನಂತೆ ಕಿರಿಯ ಶ್ರೇಣಿ ಸಿವಿಲ್ ನ್ಯಾಯಾಧೀಶರ ಮೂಲ ವೇತನ 77,840 ರೂಪಾಯಿಯಿಂದ ಶುರು, ಭತ್ಯೆಗಳು ಬೇರೆ.

ಆ ಮೂರು ವರ್ಷ ಹೇಗೆ ಕಳೆಯಬೇಕು ಎಂಬುದೇ ನಿಮ್ಮ ಪ್ರಶ್ನೆಯ ತಿರುಳು ಎಂದು ನನಗನ್ನಿಸುತ್ತದೆ. ಸೀನಿಯರ್ ಆಯ್ಕೆಯಲ್ಲಿ ಹೆಸರಿಗೆ ಮರುಳಾಗಬೇಡಿ. ತುಂಬಾ ದೊಡ್ಡ ಕಚೇರಿಯಲ್ಲಿ ಹತ್ತು ಜೂನಿಯರ್‌ಗಳಿದ್ದರೆ ನಿಮಗೆ ಬರುವುದು ಡೇಟ್ ತೆಗೆದುಕೊಂಡು ಬರುವ ಕೆಲಸ ಮಾತ್ರ. ಸಿವಿಲ್ ವಿಚಾರಣೆಯ ಫೈಲುಗಳು ಚೆನ್ನಾಗಿರುವ, ಜೊತೆಗೆ ಸ್ವಲ್ಪ ಕ್ರಿಮಿನಲ್, ಚೆಕ್ ಬೌನ್ಸ್, ಅಪಘಾತ ಪರಿಹಾರದ ಎಂವಿಸಿ ಕೇಸುಗಳಿರುವ, ಒಬ್ಬರೋ ಇಬ್ಬರೋ ಜೂನಿಯರ್ ಇರುವ ಕಚೇರಿ ಹುಡುಕಿ. ಸೇರುವ ಮೊದಲು ಒಂದು ವಾರ ಕೋರ್ಟ್ ಹಾಲಿನಲ್ಲಿ ಸುಮ್ಮನೆ ಕುಳಿತು ನೋಡಿ: ಯಾವ ವಕೀಲರ ಜೂನಿಯರ್ ಎದ್ದು ನಿಂತು ತಾನೇ ಮಾತಾಡುತ್ತಿದ್ದಾರೆ, ಸಾಕ್ಷಿಯ ಮುಖ್ಯ ವಿಚಾರಣೆ ಮಾಡುತ್ತಿದ್ದಾರೆ? ಅಂಥ ಕಚೇರಿ ನಿಮಗೆ ಬೇಕಾದದ್ದು. ಆರು ತಿಂಗಳ ಹೊತ್ತಿಗೆ ಲೀಗಲ್ ನೋಟಿಸ್, ಸಣ್ಣ ಮಧ್ಯಂತರ ಅರ್ಜಿ, ತಡೆಯಾಜ್ಞೆಗೆ ಬೇಕಾದ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39 ನಿಯಮ 1 ಮತ್ತು 2ರ ಅರ್ಜಿ ನೀವೇ ಬರೆಯುವಂತಾಗಬೇಕು. ಒಂದು ವರ್ಷಕ್ಕೆ ಮುಖ್ಯ ವಿಚಾರಣೆಯ ಅಫಿಡವಿಟ್ ಸಿದ್ಧಪಡಿಸಿ ದಾಖಲೆ ಗುರುತು ಮಾಡಿಸಬೇಕು, ಎರಡನೇ ವರ್ಷದಲ್ಲಿ ಚಿಕ್ಕ ಸಾಕ್ಷಿಯ ಪಾಟೀಸವಾಲು ಮಾಡಬೇಕು. ಒಂದು ವರ್ಷವಾದರೂ ಇದ್ಯಾವುದೂ ಸಿಗದಿದ್ದರೆ ಜಗಳವಾಡದೆ ಕಚೇರಿ ಬದಲಿಸಿ.

ನಿಮ್ಮ ಜಿಲ್ಲೆಯ ಕೋರ್ಟುಗಳಲ್ಲಿ ಹೆಚ್ಚು ಬರುವ ಪಾಲಿನ ದಾವೆಯನ್ನೇ ತೆಗೆದುಕೊಳ್ಳಿ. ಕಕ್ಷಿದಾರ ಎರಡು ಪಹಣಿ ಹಿಡಿದು ಬಂದು ‘ನನ್ನ ಪಾಲು ಕೊಡಿಸಿ’ ಅನ್ನುತ್ತಾನೆ. ಮೊದಲು ವಂಶವೃಕ್ಷ ಬರೆಯಬೇಕು, ಮದುವೆಯಾಗಿ ಹೋದ ಅಕ್ಕತಂಗಿಯರು, ತೀರಿಕೊಂಡವರ ಮಕ್ಕಳು ಎಲ್ಲರನ್ನೂ ಸೇರಿಸಿ. ‘ಅವರು ಕೇಳುವುದಿಲ್ಲ ಬಿಡಿ’ ಎಂದು ಕಕ್ಷಿದಾರ ಹೇಳಿದ ಮಾತಿಗೆ ಒಬ್ಬ ತಂಗಿಯ ಹೆಸರು ಬಿಟ್ಟರೆ, ಅಗತ್ಯ ಪಕ್ಷಕಾರರನ್ನು ಸೇರಿಸಿಲ್ಲ ಎಂಬ ಆಕ್ಷೇಪದಲ್ಲಿ ವರ್ಷಗಳ ನಂತರ ದಾವೆ ಬೀಳುತ್ತದೆ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಇದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ದಿನ ತಂದೆ ಬದುಕಿರಬೇಕಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಆಗಿದ್ದರೆ ಅದು ಉಳಿಯುತ್ತದೆ, ಅದನ್ನು ಕೇಳಿ ತಿಳಿದುಕೊಳ್ಳಬೇಕು. ಆಮೇಲೆ ಕುಟುಂಬದ ಎಲ್ಲ ಸರ್ವೆ ನಂಬರ್, ಮನೆ, ಖಾಲಿ ಜಾಗ ಸೇರಿಸಬೇಕು. ಒಂದು ಆಸ್ತಿ ಬಿಟ್ಟರೂ ಭಾಗಶಃ ವಿಭಾಗದ ಆಕ್ಷೇಪ ಏಳುತ್ತದೆ. ಕೋರ್ಟ್ ಶುಲ್ಕದಲ್ಲೂ ಎಡವುವವರು ಬಹಳ. ಕರ್ನಾಟಕದ 1958ರ ಕಾಯ್ದೆಯ 35ನೇ ಕಲಮಿನಲ್ಲಿ, ವಾದಿ ಜಂಟಿ ಸ್ವಾಧೀನದಲ್ಲಿದ್ದರೆ ಹೆಚ್ಚೆಂದರೆ 200 ರೂಪಾಯಿ, ಸ್ವಾಧೀನದಿಂದ ಹೊರಗಿದ್ದರೆ ಅವನ ಪಾಲಿನ ಬೆಲೆಯ ಮೇಲೆ ಶುಲ್ಕ. ‘ನನ್ನನ್ನು ಹೊಲದೊಳಗೆ ಬಿಡುತ್ತಿಲ್ಲ’ ಎಂದು ವಾದಪತ್ರದಲ್ಲಿ ಬರೆದು 200 ರೂಪಾಯಿ ಕಟ್ಟಿದರೆ ಎದುರಿನ ವಕೀಲರು ಅದನ್ನೇ ಹಿಡಿಯುತ್ತಾರೆ. ಇಂಥ ಹತ್ತು ದಾವೆ ಮೊದಲಿನಿಂದ ಕೊನೆಯವರೆಗೆ ನೋಡಿದವರಿಗೆ ತೀರ್ಪು ಬರೆಯುವ ಪತ್ರಿಕೆಗೆ ಬೇರೆ ಕೋಚಿಂಗ್ ಬೇಕಾಗುವುದಿಲ್ಲ.

ಹಣದ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ತಾಲ್ಲೂಕು ಮಟ್ಟದಲ್ಲಿ ಅನೇಕ ಸೀನಿಯರ್‌ಗಳು ಮೊದಲ ವರ್ಷ ಬಸ್ ಖರ್ಚಿನಷ್ಟು ಮಾತ್ರ ಕೊಡುತ್ತಾರೆ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡುವಂತೆ ಸುತ್ತೋಲೆ ಹೊರಡಿಸಿತು, ಆದರೆ ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ಸೇರುವ ದಿನವೇ ಎಷ್ಟು ಕೊಡುತ್ತೀರಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಕಾನೂನು ಪದವೀಧರರಿಗೆ ತರಬೇತಿ ಅವಧಿಯ ಶಿಷ್ಯವೇತನ ಕೊಡುತ್ತವೆ. ಜಿಲ್ಲಾ ಕಚೇರಿಯಿಂದ ಅರ್ಜಿ ಕರೆಯುತ್ತಾರೆ, ಪತ್ರಿಕೆಯ ಮೂಲೆಯಲ್ಲಿ ಸಣ್ಣ ಪ್ರಕಟಣೆ ಬಂದು ಹೋಗುತ್ತದೆ. ಸನ್ನದು ಬಂದ ವಾರವೇ ಜಾತಿ, ಆದಾಯ ಪ್ರಮಾಣಪತ್ರ ಸಿದ್ಧವಿಟ್ಟುಕೊಂಡು ಆ ಕಚೇರಿಗೆ ಒಮ್ಮೆ ಹೋಗಿ ವಿಚಾರಿಸಿ. ನೋಂದಣಿಯಾಗಿ ಬಹಳ ಕಾಲ ಕಳೆದರೆ ಅರ್ಹತೆ ತಪ್ಪಬಹುದು.

ಸಂಬಳ ಬರುತ್ತಲೇ ಕೋರ್ಟಿನೊಳಗೆ ಇರುವ ಒಂದು ದಾರಿ ಹೆಚ್ಚು ಜನರಿಗೆ ಗೊತ್ತಿಲ್ಲ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2022ರ ಯೋಜನೆಯಲ್ಲಿ ಜಿಲ್ಲೆಗಳಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳಿವೆ. ವಕೀಲರಿಲ್ಲದ ಆರೋಪಿಗಳ ಪರ ವಾದಿಸುವ ಕೆಲಸ. ಅಲ್ಲಿಯ ಸಹಾಯಕ ಅಭಿರಕ್ಷಕರ ಸ್ಥಾನ ಸೊನ್ನೆಯಿಂದ ಮೂರು ವರ್ಷ ಅನುಭವದವರಿಗೇ ಮೀಸಲು. ಗುತ್ತಿಗೆ ಕೆಲಸ, ಪೂರ್ಣಾವಧಿ, ಖಾಸಗಿ ಕೇಸು ನಡೆಸುವಂತಿಲ್ಲ. ಆದರೆ ರಿಮಾಂಡ್, ಜಾಮೀನು, ಪಾಟೀಸವಾಲು ಎಲ್ಲ ಆರು ತಿಂಗಳಲ್ಲೇ ಕೈಗೆ ಬರುತ್ತವೆ. ಜೈಲಿಗೆ ಹೋಗಿ ಆರೋಪಿಯ ಜೊತೆ ಮಾತಾಡುವುದೂ ಕೆಲಸದ ಭಾಗ. ನಿಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ ಎಂದೇ ನನ್ನ ಅಭಿಪ್ರಾಯ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯ ಫಲಕದಲ್ಲಿ ಮತ್ತು ಅದರ ಜಾಲತಾಣದಲ್ಲಿ ಪ್ರಕಟಣೆ ನೋಡುತ್ತಿರಿ.

ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆ, ಎಪಿಪಿ, ಇನ್ನೊಂದು ಗಟ್ಟಿ ದಾರಿ. ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ ಇದಕ್ಕೆ ನೇಮಕಾತಿ ಮಾಡುತ್ತದೆ, ಇಲ್ಲಿಯೂ ವಕೀಲಿಕೆಯ ಅನುಭವ ಕೇಳುತ್ತಾರೆ. ಜಡ್ಜ್ ಪರೀಕ್ಷೆಗೆ ಓದಿದ್ದೇ ಬಹುಪಾಲು ಇಲ್ಲಿಗೂ ಬರುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೇ ಗುರಿಯಾಗಿಟ್ಟುಕೊಳ್ಳಿ. ಎಪಿಪಿ ಸರ್ಕಾರಿ ನೌಕರರಾದರೂ ಕೋರ್ಟಿನಲ್ಲಿ ವಾದಿಸುವವರಾದ್ದರಿಂದ ವಕೀಲರಾಗಿಯೇ ಉಳಿಯುತ್ತಾರೆ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏಳು ವರ್ಷ ವಕೀಲಿಕೆ ಬೇಡುವ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಆ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ.

ಅಣ್ಣ ಹೇಳಿದ ಕಂಪನಿ ಕೆಲಸದಲ್ಲಿ ಎಡವಟ್ಟಾಗುವುದು ಇಲ್ಲೇ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದಂತೆ ವಕೀಲರು ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ಕಂಪನಿಯ ಲೀಗಲ್ ವಿಭಾಗಕ್ಕೆ ಸೇರಿದರೆ ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿ ಇಡಬೇಕು, ಬಿಟ್ಟ ಮೇಲೆ ಮತ್ತೆ ಚಾಲ್ತಿ ಮಾಡಿಸಿಕೊಳ್ಳಬೇಕು. ನಡುವಿನ ವರ್ಷಗಳು ವಕೀಲಿಕೆಯಲ್ಲಿ ಸೇರುವುದಿಲ್ಲ. ತಿಳಿಸದೆ ಎರಡೂ ಕಡೆ ಇರುವುದು ದುರ್ನಡತೆ, ಶಿಸ್ತುಕ್ರಮಕ್ಕೆ ಗುರಿಯಾಗುತ್ತೀರಿ. ಕಾನೂನು ಸಂಸ್ಥೆಯಲ್ಲಿ, ಅಂದರೆ ವಕೀಲರೇ ನಡೆಸುವ ಲಾ ಫರ್ಮ್‌ನಲ್ಲಿ ಅಸೋಸಿಯೇಟ್ ಆಗಿದ್ದರೆ ಆ ತೊಡಕು ಸಾಮಾನ್ಯವಾಗಿ ಇಲ್ಲ, ಆದರೆ ಅಲ್ಲಿಯೂ ಕೋರ್ಟಿನ ಹಾಜರಿ ಬೇಕೆಂದರೆ ವ್ಯಾಜ್ಯ ವಿಭಾಗದಲ್ಲೇ ಇರಬೇಕು. ಬೆಂಗಳೂರಿನಲ್ಲಿ ಹೊರದೇಶದ ಕಕ್ಷಿದಾರರಿಗಾಗಿ ಕರಾರು ಪರಿಶೀಲನೆ, ದಾಖಲೆ ವಿಂಗಡಣೆ ಮಾಡುವ ಹೊರಗುತ್ತಿಗೆ ಕಂಪನಿಗಳೂ ಇವೆ. ತಿಂಗಳ ಸಂಬಳ ಸರಿಯಾಗಿ ಬರುತ್ತದೆ, ಆದರೆ ಎರಡು ವರ್ಷದ ಮೇಲೂ ಮೊದಲ ದಿನದ ಕೆಲಸವನ್ನೇ ಮಾಡುತ್ತಿರುವ ಅಪಾಯವಿದೆ.

ಹಾಗೆಂದು ಕಂಪನಿ ಬೇಡ ಎನ್ನುವುದಿಲ್ಲ. ನ್ಯಾಯಾಧೀಶೆಯಾಗುವ ಆಸೆ ನಿಮ್ಮದಲ್ಲ, ಅಪ್ಪನದು ಮಾತ್ರ ಎಂದಾದರೆ ಈ ಕಡೆ ಧೈರ್ಯವಾಗಿ ಹೋಗಿ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ, ವೈಯಕ್ತಿಕ ದತ್ತಾಂಶ ರಕ್ಷಣೆಯ ನಿಯಮಗಳೂ ಅದೇ ತಿಂಗಳು ಹೊರಬಿದ್ದವು. ಇವೆರಡನ್ನೂ ಮೂಲದಲ್ಲೇ ಓದಿಕೊಂಡ ಹೊಸಬರಿಗೆ ಹಳಬರಷ್ಟೇ ಬೆಲೆ, ಏಕೆಂದರೆ ಎಲ್ಲರೂ ಈಗಷ್ಟೇ ಕಲಿಯುತ್ತಿದ್ದಾರೆ. ನಿಮಗೆ ಇನ್ನೂ ಹೊಂದುವುದು ಭೂಮಿಯ ಹಕ್ಕುಪತ್ರ ಪರಿಶೀಲನೆ. ಬಿಲ್ಡರ್‌ಗಳು, ಗೃಹ ಸಾಲದ ಸಂಸ್ಥೆಗಳು, ಗದಗ ಕೊಪ್ಪಳದ ಕಡೆ ಗಾಳಿ ವಿದ್ಯುತ್ತಿಗೆ, ಪಾವಗಡದ ಕಡೆ ಸೌರ ವಿದ್ಯುತ್ತಿಗೆ ಜಮೀನು ಹಿಡಿಯುವ ಕಂಪನಿಗಳು, ಎಲ್ಲರಿಗೂ ಕೈಬರಹದ ಹಳೆಯ ಕನ್ನಡ ದಾಖಲೆ ಓದಿ ಇಂಗ್ಲಿಷಿನಲ್ಲಿ ವರದಿ ಬರೆಯುವವರು ಬೇಕು. ಇದನ್ನು ಸನ್ನದು ಉಳಿಸಿಕೊಂಡು, ಬ್ಯಾಂಕಿನ ಪ್ಯಾನೆಲ್ ವಕೀಲರಾಗಿ ಊರಲ್ಲೇ ಕುಳಿತೂ ಮಾಡಬಹುದು.

ಈ ಕೆಲಸದಲ್ಲಿ ತಪ್ಪಾಗುವ ಜಾಗಗಳು ಗೊತ್ತಿರಲಿ. ಸಾಮಾನ್ಯವಾಗಿ 30 ವರ್ಷದ ಹಕ್ಕಿನ ಸರಪಳಿ ನೋಡುತ್ತಾರೆ. ಆನ್‌ಲೈನಿನಲ್ಲಿ ಸಿಗುವ ಋಣಭಾರ ಪತ್ರ 2004ರ ಏಪ್ರಿಲ್‌ನಿಂದೀಚಿನದು, ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಯಿಂದ ಹುಡುಕಿಸಬೇಕು. ಆನ್‌ಲೈನ್ ಪತ್ರ ‘ಸೊನ್ನೆ ಋಣಭಾರ’ ಎಂದಿತೆಂದು ಅಭಿಪ್ರಾಯ ಬರೆದರೆ 1998ರ ಅಡಮಾನ ತಪ್ಪಿಹೋಗುತ್ತದೆ. ಕೃಷಿ ಜಮೀನಾದರೆ ಅದು ಪರಿಶಿಷ್ಟರಿಗೆ ಮಂಜೂರಾದದ್ದೇ ಎಂದು ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗಾಗಿ ನೋಡಲೇಬೇಕು. 2023ರ ತಿದ್ದುಪಡಿಯ ನಂತರ ಅಂಥ ಜಮೀನು ಮರಳಿ ಕೇಳಲು ಕಾಲಮಿತಿಯ ತಡೆಯಿಲ್ಲ. ಗೇಣಿದಾರರಿಗೆ ಫಾರಂ 10ರಲ್ಲಿ, ಅಂದರೆ ಭೂ ಸುಧಾರಣಾ ಕಾಯ್ದೆಯ ಹಕ್ಕುಪತ್ರದಲ್ಲಿ, ಬಂದ ಭೂಮಿಯಾದರೆ 15 ವರ್ಷ ಪರಭಾರೆಯ ನಿಷೇಧವಿತ್ತು, ಮಾರಾಟದ ತಾರೀಕು ಅದರೊಳಗೆ ಬಿದ್ದಿದೆಯೇ ಎಂದು ಎಣಿಸಬೇಕು. ಮ್ಯುಟೇಶನ್ ಪ್ರತಿಯಿಲ್ಲದೆ ಪಹಣಿಯಲ್ಲಿ ಹೆಸರು ಬದಲಾಗಿದ್ದರೆ ಅಲ್ಲೇ ನಿಲ್ಲಿ, ಯಾವ ಆದೇಶದ ಮೇಲೆ ಬದಲಾಯಿತೆಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಅಜಾಗರೂಕತೆಯ ಅಭಿಪ್ರಾಯ ಕೊಟ್ಟ ಮಾತ್ರಕ್ಕೇ, ಸಂಚಿನ ಪುರಾವೆಯಿಲ್ಲದೆ, ವಕೀಲರನ್ನು ಕ್ರಿಮಿನಲ್ ಕೇಸಿಗೆ ಎಳೆಯಲಾಗದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಆದರೂ ಪ್ಯಾನೆಲ್‌ನಿಂದ ಹೊರಗೆ ಹಾಕಲು ಬ್ಯಾಂಕಿಗೆ ಒಂದು ತಪ್ಪು ಸಾಕು.

ಇದರ ಜೊತೆಗೆ ಕಂದಾಯ ನ್ಯಾಯಾಲಯಗಳ ಕೆಲಸ ಕಲಿಯಿರಿ. ಪಹಣಿ ತಿದ್ದುಪಡಿಯ ಮೇಲ್ಮನವಿ ಎಸಿ (ಉಪವಿಭಾಗಾಧಿಕಾರಿ) ಮುಂದೆ, ಅಲ್ಲಿಂದ ಡಿಸಿ (ಜಿಲ್ಲಾಧಿಕಾರಿ) ಮುಂದೆ, 1964ರ ಭೂಕಂದಾಯ ಅಧಿನಿಯಮದ 136ನೇ ಕಲಮಿನಲ್ಲಿ ಹೋಗುತ್ತದೆ. ಹೊಸ ವಕೀಲರಿಗೆ ಮೊದಲು ಸ್ವಂತ ಫೀಸು ಬರುವುದು ಹೆಚ್ಚಾಗಿ ಇಲ್ಲಿಂದಲೇ.

ಬ್ಯಾಂಕ್ ಪರೀಕ್ಷೆಗೆ ಗೆಳತಿಯರು ಓದುತ್ತಿರುವುದು ಸರಿಯಾದ ಕೆಲಸವೇ. ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಲಾ ಆಫೀಸರ್ ಹುದ್ದೆಗೆ ವಯಸ್ಸು 20ರಿಂದ 30, ಮತ್ತು ವಕೀಲರಾಗಿ ನೋಂದಣಿಯಾಗಿರಬೇಕು. ಇಲ್ಲಿಯೂ ಸನ್ನದೇ ಬಾಗಿಲು. ಎರಡನೇ ಹಂತದ ವೃತ್ತಿ ಜ್ಞಾನದ ಪತ್ರಿಕೆಗೆ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ, ಅಡಮಾನದ ಆಸ್ತಿ ವಶಪಡಿಸಿ ಸಾಲ ವಸೂಲಿ ಮಾಡುವ ಸರ್ಫೇಸಿ ಕಾಯ್ದೆ, ಸಾಲ ವಸೂಲಿ ನ್ಯಾಯಮಂಡಳಿ, ಚೆಕ್ ಬೌನ್ಸಿನ 138ನೇ ಕಲಮು ಮುಖ್ಯ. ಕೆಲಸ ದೇಶದ ಯಾವ ಮೂಲೆಗೂ ಹಾಕಬಹುದು. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಕಾನೂನು ಅಧಿಕಾರಿ ಹುದ್ದೆಗೆ ಎರಡು ವರ್ಷದ ಅನುಭವ ಬೇಕು. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಕೂಡ ಕಾನೂನು ವಿಭಾಗಕ್ಕೆ ಗ್ರೇಡ್ ಎ ಅಧಿಕಾರಿಗಳನ್ನು ತೆಗೆದುಕೊಳ್ಳುತ್ತದೆ. ಸೇನೆಯ ಜಡ್ಜ್ ಅಡ್ವೊಕೇಟ್ ಜನರಲ್ ವಿಭಾಗಕ್ಕೆ ವಯಸ್ಸು 21ರಿಂದ 27, ಎಲ್‌ಎಲ್‌ಬಿಯಲ್ಲಿ ಶೇ 55, ಜೊತೆಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್‌ನ ಸ್ನಾತಕೋತ್ತರ ಪರೀಕ್ಷೆಯ ಅಂಕ ಬೇಕು. ಆಸಕ್ತಿಯಿದ್ದರೆ ನಿಮಗೆ ಉಳಿದಿರುವ ಅವಧಿ ಕಡಿಮೆ, ಈ ವರ್ಷವೇ ಬರೆಯಬೇಕು. ನ್ಯಾಯಮೂರ್ತಿಗಳ ಲಾ ಕ್ಲರ್ಕ್ ಆಗುವುದೂ ಒಳ್ಳೆಯ ಅವಕಾಶ. ಕರ್ನಾಟಕ ಹೈಕೋರ್ಟ್ ಆಗಾಗ ಅರ್ಜಿ ಕರೆಯುತ್ತದೆ. ಸುಪ್ರೀಂ ಕೋರ್ಟಿನಲ್ಲಿ 2024ರ ಯೋಜನೆಯಂತೆ ತಿಂಗಳಿಗೆ 80,000 ರೂಪಾಯಿ ಗೌರವಧನವಿತ್ತು. ಈ ಅನುಭವವನ್ನು ಜಡ್ಜ್ ಹುದ್ದೆಯ ಮೂರು ವರ್ಷದಲ್ಲಿ ಸೇರಿಸಬಹುದೆಂದು 2025ರ ತೀರ್ಪೇ ಹೇಳಿದೆ.

ನೋಟರಿ ಆಗಲು ಸಾಮಾನ್ಯವಾಗಿ 10 ವರ್ಷ ವಕೀಲಿಕೆ ಬೇಕು, ಮಹಿಳೆಯರಿಗೆ 7. ಇದು ಮುಂದಿನ ಮಾತು, ಆದರೆ ಎಣಿಕೆ ಇಂದಿನಿಂದಲೇ.

ಕೊನೆಗೆ ಎಲ್‌ಎಲ್‌ಎಂ. ಪಾಠ ಹೇಳುವುದೇ ನಿಮ್ಮ ಇಷ್ಟವಾದರೆ ಮಾಡಿ. ಸಹಾಯಕ ಪ್ರಾಧ್ಯಾಪಕರಾಗಲು ಎಲ್‌ಎಲ್‌ಎಂನಲ್ಲಿ ಶೇ 55, ಮೀಸಲು ವರ್ಗಕ್ಕೆ ಶೇ 50, ಜೊತೆಗೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಯುಜಿಸಿ ನೆಟ್ ಅಥವಾ ಕೆ-ಸೆಟ್ ಬೇಕು. ಬೇರೇನೂ ತೋಚದೆ ಕಾಲ ತಳ್ಳಲು ಮಾಡುವ ಎಲ್‌ಎಲ್‌ಎಂನಿಂದ ವಕೀಲಿಕೆಗೆ ಹೆಚ್ಚಿನ ಲಾಭವಿಲ್ಲ, ಪೂರ್ಣಾವಧಿ ತರಗತಿಯ ಆ ಒಂದೆರಡು ವರ್ಷ ಕೋರ್ಟಿನ ಹಾಜರಿಯೂ ಸಿಗುವುದಿಲ್ಲ. ಪಾಠ ಮಾಡುವ ರುಚಿ ನೋಡಬೇಕೆಂದರೆ ಅದಕ್ಕೂ ಸನ್ನದು ಅಡ್ಡಿಯಲ್ಲ: ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಕಾಲೇಜಿನಲ್ಲಿ ಪಾಠ ಹೇಳಲು ಕೇಂದ್ರ ಸರ್ಕಾರದ ನಿಯಮದಲ್ಲೇ ಅವಕಾಶವಿದೆ. ಹಾಗಾಗಿ ಮೇಷ್ಟ್ರ ಸಲಹೆಯನ್ನು ಮೂರು ವರ್ಷ ಮುಂದಕ್ಕೆ ಹಾಕಿ. ಆ ಹೊತ್ತಿಗೆ ಜಡ್ಜ್ ಅಥವಾ ಎಪಿಪಿ ಪರೀಕ್ಷೆಯ ಒಂದು ಫಲಿತಾಂಶ ಕೈಯಲ್ಲಿರುತ್ತದೆ, ಎಲ್‌ಎಲ್‌ಎಂ ಬೇಕೋ ಬೇಡವೋ ಎಂಬುದನ್ನು ಅದನ್ನು ನೋಡಿಯೇ ತೀರ್ಮಾನಿಸಬಹುದು.